‘ರಿವರ್ಟ್ ಮಾಡ್ತೀನಿ’ ಅಂದ್ರೆ ಏನು?



ನಾನು ಪುಣೆಯಲ್ಲಿ ಸಾಫ್ಟ್‌ವೇರ್ ಇಂಜಿನಿಯರ್. ಎಂಟೆಕ್ ಮುಗಿಸಿ ಇಲ್ಲಿಗೆ ಬಂದು ಹತ್ತು ವರ್ಷ ಆಯ್ತು. ಭಾಷಾತಜ್ಞ ಅಲ್ಲ. ಆದ್ರೂ ಇವತ್ತು ನಾಲ್ಕು ಇಂಗ್ಲಿಷ್ ಪದಗಳ ಬಗ್ಗೆ ಮಾತಾಡ್ತೀನಿ: ರಿವರ್ಟ್, ರಿಟರ್ನ್, ರಿನ್ಯೂ, ರಿಮೇನ್. ಯಾಕಂದ್ರೆ ಇವುಗಳಲ್ಲಿ ಒಂದು ಪದದಿಂದ ನಮ್ಮ ಮನೆಯಲ್ಲಿ ದೊಡ್ಡ ಎಡವಟ್ಟಾಯ್ತು.

ನಮ್ಮ ತಂದೆ ಗದಗ ಹತ್ತಿರದ ಊರಲ್ಲಿ ಹೈಸ್ಕೂಲ್ ಇಂಗ್ಲಿಷ್ ಮಾಸ್ತರ್ ಆಗಿದ್ದವರು. ಅಮ್ಮ ಹೋದ ಮೇಲೆ ಒಬ್ಬರೇ ಇದ್ದಾರೆ. ವಾಟ್ಸಾಪ್‌ನಲ್ಲಿ ನನಗೆ ಬರೆಯೋದು ಇಂಗ್ಲಿಷ್‌ನಲ್ಲೇ, ಒಂದು ಅಲ್ಪವಿರಾಮವೂ ತಪ್ಪೋದಿಲ್ಲ. ಹೋದ ವರ್ಷ ಊರಿನ ಮನೆಗೆ ಒಳ್ಳೆ ಬೆಲೆಗೆ ಗಿರಾಕಿ ಬಂದ. ಅಪ್ಪ ಕೇಳಿದ್ರು: ಮನೆ ಮಾರಿಬಿಡಲೋ, ಇಲ್ಲ ನೀನು ಬರ್ತೀಯೋ?

ಅವತ್ತು ನಮ್ಮ ಟೀಮಿನ ರಿಲೀಸ್ ಇತ್ತು. ಮೇಲ್‌ಗೆ ಉತ್ತರ ಕೊಟ್ಟ ಹಾಗೆ ಟೈಪ್ ಮಾಡಿದೆ: ‘ವಿಲ್ ರಿವರ್ಟ್ ಬೈ ಮಂಡೇ’. ಸೋಮವಾರ ಬಂತು, ಹೋಯ್ತು. ನಾನು ಮರೆತೇಬಿಟ್ಟೆ.

ಹದಿನೈದು ದಿನ ಆದ್ಮೇಲೆ ಚಿಕ್ಕಪ್ಪನ ಮಗನ ಫೋನ್. “ಅಣ್ಣಾ, ಯಾವಾಗ ಬರ್ತೀ? ದೊಡ್ಡಪ್ಪ ಮ್ಯಾಲಿನ ಖೋಲಿಗೆ ಸುಣ್ಣ ಹೊಡಿಸ್ಯಾರ. ಗಿರಾಕಿಗೆ ‘ನನ್ನ ಮಗಾ ವಾಪಸ್ ಬರ್ತಾನ’ ಅಂತ ಹೇಳಿ ಕಳಿಸ್ಯಾರ.”

ನನಗೆ ಏನು ಹೇಳಬೇಕೋ ತಿಳೀಲಿಲ್ಲ.

ತಪ್ಪು ಅಪ್ಪಂದಲ್ಲ. ರಿವರ್ಟ್ ಅನ್ನೋದು ಲ್ಯಾಟಿನ್‌ನಿಂದ ಬಂದ ಪದ. ಮೂಲ ಅರ್ಥ ಹಿಂದಕ್ಕೆ ತಿರುಗೋದು, ಮೊದಲಿನ ಸ್ಥಿತಿಗೆ ಮರಳೋದು. ಆಸ್ತಿ ಕಾನೂನಿನಲ್ಲೂ ಇದೆ: ಆಸ್ತಿ ‘ರಿವರ್ಟ್’ ಆಯ್ತು ಅಂದ್ರೆ ಮೂಲ ಮಾಲೀಕರಿಗೋ ಅವರ ವಾರಸುದಾರರಿಗೋ ವಾಪಸ್ ಬಂತು ಅಂತ. ‘ಉತ್ತರ ಕೊಡ್ತೀನಿ’ ಅನ್ನೋ ಅರ್ಥ ನಮ್ಮ ಆಫೀಸುಗಳಲ್ಲಿ ಬಳಸಿ ಬಳಸಿ ಗಟ್ಟಿಯಾದದ್ದು. ಮನೆಯ ಪ್ರಶ್ನೆ ಕೇಳಿದ ಇಂಗ್ಲಿಷ್ ಮಾಸ್ತರ್‌ಗೆ ನಾನು ಆ ಪದ ಕಳಿಸಿದ್ದೆ. ಅವರು ಡಿಕ್ಷನರಿಯಲ್ಲಿ ಇರೋ ಹಾಗೇ ಓದಿಕೊಂಡ್ರು.

ಶುಕ್ರವಾರ ರಾತ್ರಿ ಹುಬ್ಬಳ್ಳಿ ಬಸ್ ಹತ್ತಿದೆ. ನಿದ್ದೆ ಬರ್ಲಿಲ್ಲ. ಉಳಿದ ಮೂರು ಪದಗಳ ಯೋಚನೆ ಹತ್ತಿದ್ದು ಅಲ್ಲೇ.

ಮೊದಲು ರಿಟರ್ನ್. ನಾವು ದಿನಾ ಬರೆಯೋ ಪದ. ಒಂದು ಫಂಕ್ಷನ್ ಇನ್ನೊಂದನ್ನ ಕರೆದಾಗ ‘ರಿಟರ್ನ್ ಅಡ್ರೆಸ್’ ಉಳಿಸಿಕೊಳ್ಳುತ್ತೆ. ಆ ವಿಳಾಸ ಯಾವುದು? ಕರೆ ಹೋದ ಸಾಲಿನದಲ್ಲ, ಅದರ ಮುಂದಿನ ಸೂಚನೆಯದು. ಅದೇ ಜಾಗಕ್ಕೆ ಬಂದಿದ್ರೆ ಮತ್ತೆ ಮತ್ತೆ ಅದನ್ನೇ ಕರೀತಾ ಸುತ್ತುತ್ತಿತ್ತು. ಅಂದ್ರೆ ಕಂಪ್ಯೂಟರ್‌ನಲ್ಲೂ ಹಿಂತಿರುಗೋದು ಬಿಟ್ಟುಹೋದ ಜಾಗಕ್ಕಲ್ಲ, ಅದರ ಮುಂದಿನ ಹೆಜ್ಜೆಗೆ. ನಾನು ಬಿಟ್ಟುಬಂದ ಮನೆಯಲ್ಲಿ ಅಮ್ಮ ಇದ್ದಳು. ನಾಳೆ ಹೋದ್ರೂ ಆ ಮನೆಗೆ ಹೋಗೋಕೆ ಆಗಲ್ಲ. ಅಪ್ಪ ಒಬ್ಬರೇ ಇರೋ ಮನೆಗೆ ಹೋಗ್ತೀನಿ.

ಗಿಟ್‌ನಲ್ಲಿ ರಿವರ್ಟ್ ಕೂಡ ಹೀಗೇ. ಹಳೇ ಕಮಿಟ್ ಅಳಿಸಿ ಹೋಗಲ್ಲ. ಅದನ್ನ ರದ್ದು ಮಾಡೋ ಹೊಸ ಕಮಿಟ್ ಒಂದು ಸೇರುತ್ತೆ, ಇತಿಹಾಸದಲ್ಲಿ ಎರಡೂ ಇರ್ತವೆ. ‘ಊರಿಗೆ ಹೋದ್ರೆ ಎಲ್ಲ ಮೊದಲಿನ ಹಾಗೆ ಆಗುತ್ತೆ’ ಅಂತ ಕನಸು ಕಾಣೋರು, ‘ಹೋದ್ರೆ ಇಷ್ಟು ವರ್ಷದ್ದೆಲ್ಲ ವ್ಯರ್ಥ’ ಅಂತ ಹೆದರೋರು, ಇಬ್ಬರೂ ಇದನ್ನ ನೆನಪಿಡಬೇಕು.

ಮುಂದಿನದು ರಿನ್ಯೂ. ಪುಣೆಯಲ್ಲಿ ಬಾಡಿಗೆಗೆ ಇರೋರಿಗೆಲ್ಲ ಲೀವ್ ಅಂಡ್ ಲೈಸೆನ್ಸ್ ಗೊತ್ತು, ಸಾಮಾನ್ಯವಾಗಿ 11 ತಿಂಗಳಿಂದು. ಮಹಾರಾಷ್ಟ್ರದ 1999ರ ಬಾಡಿಗೆ ನಿಯಂತ್ರಣ ಕಾಯ್ದೆ ಪ್ರಕಾರ ಅದು ಬರವಣಿಗೆಯಲ್ಲಿ ಇರಬೇಕು, ನೋಂದಣಿನೂ ಆಗಬೇಕು. ‘ರಿನ್ಯೂ ಮಾಡಿಸಿದೆ’ ಅಂತೀವಿ. ನಿಜಕ್ಕೂ ಆಗೋದು ಹೊಸ ಕರಾರು: ಹೊಸ ತಾರೀಖು, ಹೊಸ ಬಾಡಿಗೆ, ಮತ್ತೆ ಸಹಿ, ಮತ್ತೆ ಹೆಬ್ಬೆಟ್ಟು. ನಾನು ಇಷ್ಟು ದಿನ ‘ಪುಣೆಯಲ್ಲಿ ಹಾಗೇ ಉಳಿದೆ, ಇನ್ನೂ ಏನೂ ನಿರ್ಧಾರ ಮಾಡಿಲ್ಲ’ ಅಂತಿದ್ದೆ. ಬಸ್ಸಿನಲ್ಲಿ ಎಣಿಸಿದ್ರೆ ಹತ್ತು ಸಲಕ್ಕೆ ಕಡಿಮೆ ಇಲ್ಲದಂತೆ ಸಹಿ ಹಾಕಿದ್ದೀನಿ. ಪ್ರತಿ 11 ತಿಂಗಳಿಗೊಮ್ಮೆ ನಿರ್ಧಾರ ಮಾಡಿದ್ದೀನಿ, ಅಪ್ಪನಿಗೆ ಹೇಳಿಲ್ಲ ಅಷ್ಟೇ.

ಕೊನೆಯದು ರಿಮೇನ್. ಇದರ ಲ್ಯಾಟಿನ್ ಮೂಲದಿಂದಲೇ ಮ್ಯಾನ್ಷನ್, ಪರ್ಮನೆಂಟ್ ಅನ್ನೋ ಪದಗಳೂ ಬಂದಿವೆ. ಆದ್ರೆ ಇಲ್ಲಿ ನಮ್ಮ ಕನ್ನಡ ಇಂಗ್ಲಿಷ್‌ಗಿಂತ ಹೆಚ್ಚು ಹೇಳುತ್ತೆ. ನಮಗೆ ‘ಉಳಿದುಕೊಳ್ಳೋದು’ ಬೇರೆ, ‘ಉಳಿದುಹೋಗೋದು’ ಬೇರೆ. ಒಂದು ನಾವಾಗಿ ಮಾಡೋದು, ಇನ್ನೊಂದು ನಮಗೆ ಆಗೋದು. ಇಂಗ್ಲಿಷ್‌ನಲ್ಲಿ ಎರಡಕ್ಕೂ ರಿಮೇನ್ ಸಾಕು. ನಾನು ಪುಣೆಯಲ್ಲಿ ಉಳಿದುಕೊಂಡೆ. ಅಪ್ಪ ಊರಲ್ಲಿ ಉಳಿದುಹೋದ್ರು.

ಬೆಳಿಗ್ಗೆ ಮನೆ ಮುಟ್ಟಿದೆ. ಮೇಲಿನ ಕೋಣೆಯಲ್ಲಿ ಇನ್ನೂ ಸುಣ್ಣದ ವಾಸನೆ, ಕಿಟಕಿ ಹತ್ತಿರ ಟೇಬಲ್, ಲ್ಯಾಪ್‌ಟಾಪ್‌ಗೆ ಅಂತ ಹೊಸ ಪ್ಲಗ್ ಪಾಯಿಂಟ್. ಚಹಾ ಕುಡಿಯೋವಾಗ ಹೇಳಿದೆ: “ಅಪ್ಪಾ, ನಾ ಸದ್ಯಕ್ಕ ವಾಪಸ್ ಬರೂದಿಲ್ಲ. ರಿವರ್ಟ್ ಅಂದದ್ದು ಉತ್ತರ ಕೊಡ್ತೀನಿ ಅಂತ.”

ಸ್ವಲ್ಪ ಹೊತ್ತು ಸುಮ್ಮನಿದ್ರು. ಆಮೇಲೆ ಅಂದ್ರು: “ಹಂಗಂತ ಕನ್ನಡದಾಗ ಬರದಿದ್ರ ಸುಣ್ಣದ ಖರ್ಚರ ಉಳೀತಿತ್ತಲ್ಲೋ.” ಇಬ್ರೂ ನಕ್ಕೆವು. ಆದ್ರೆ ಅವರು ಕಪ್ ತೊಳೆಯೋಕೆ ಅಂತ ಒಳಗೆ ಹೋದವರು ಬಹಳ ಹೊತ್ತು ಹೊರಗೆ ಬರ್ಲಿಲ್ಲ.

ಮಧ್ಯಾಹ್ನ ಕೂತು ಮಾತಾಡಿದ್ವಿ. ಮನೆ ಸದ್ಯಕ್ಕೆ ಮಾರೋದಿಲ್ಲ. ಮೂರು ತಿಂಗಳಿಗೊಮ್ಮೆ ಎರಡು ವಾರ ನಾನು ಆ ಕೋಣೆಯಿಂದಲೇ ಕೆಲಸ ಮಾಡೋದು. ಮ್ಯಾನೇಜರ್ ಒಪ್ಪಿದ್ದಾರೆ, ನೆಟ್‌ವರ್ಕ್ ಮಾತ್ರ ಆಗಾಗ ಕೈಕೊಡುತ್ತೆ. ಪ್ರತಿ ಯುಗಾದಿಗೆ ಮತ್ತೆ ಕೂತು ಮಾತಾಡೋದು: ಹೀಗೇ ಮುಂದುವರಿಸೋದಾ, ಬದಲಿಸೋದಾ ಅಂತ. ನಮ್ಮ ಮನೆಯ ರಿನ್ಯೂವಲ್ ಇದು. ಇದು ಸರಿಯಾದ ಪರಿಹಾರವಾ ಅಂದ್ರೆ ಗೊತ್ತಿಲ್ಲ. ಆದ್ರೆ ಈಗ ಅಪ್ಪ ಕಾಯ್ತಾ ಕೂತಿಲ್ಲ. ಯಾವ ತಾರೀಖಿಗೆ ಬರ್ತೀನಿ ಅಂತ ಅವರಿಗೆ ಗೊತ್ತಿರುತ್ತೆ.

ನಿಮ್ಮಲ್ಲೂ ಬಹಳ ಜನರಿಗೆ ಊರಿಂದ ಇದೇ ಪ್ರಶ್ನೆ ಬಂದಿರುತ್ತೆ. ‘ನೋಡೋಣ’ ಅಂತಲೋ, ‘ರಿವರ್ಟ್ ಮಾಡ್ತೀನಿ’ ಅಂತಲೋ ಹೇಳಿ ಮುಂದೆ ಹಾಕಿರ್ತೀರಿ. ‘ಬರ್ತೀನಿ’ ಅಥವಾ ‘ಬರಲ್ಲ’, ಯಾವುದಾದ್ರೂ ಸರಿ. ಅವರಿಗೆ ಅರ್ಥವಾಗೋ ಭಾಷೆಯಲ್ಲಿ, ಈ ವಾರವೇ ಹೇಳಿಬಿಡಿ. ಕಾಯಿಸಬೇಡಿ.

ಬರ್ತೀನಿ.