ಸಂಕಲ್ಪ ಚಿಕ್ಕದಿರಲಿ, ಸಾಧನೆ ನಿತ್ಯವಿರಲಿ

(ನಮ್ಮ ಶಾಖಾಮಠದ ಚಾತುರ್ಮಾಸ್ಯ ಉಪನ್ಯಾಸಮಾಲಿಕೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)

ನಾನು ಪಂಡಿತನಲ್ಲ. ಡೊಂಬಿವಲಿಯಿಂದ ಕೋಟೆ ಪ್ರದೇಶಕ್ಕೆ ಮೂವತ್ತು ವರ್ಷ ಲೋಕಲ್ ರೈಲಿನಲ್ಲಿ ಓಡಾಡಿ ನಿವೃತ್ತನಾದ ಗುಮಾಸ್ತ. ಆದ್ದರಿಂದ ಶಾಸ್ತ್ರಾರ್ಥವನ್ನು ನಿರ್ಣಯಿಸಲು ನಿಂತಿಲ್ಲ. ಬಿಟ್ಟುಹೋದ ಅನುಷ್ಠಾನವೊಂದು ಮರಳಿ ಕೈಸೇರಿದ ಬಗೆಯನ್ನು ಹೇಳಲು ನಿಂತಿದ್ದೇನೆ.

ನನಗೆ ಎಂಟನೆಯ ವಯಸ್ಸಿನಲ್ಲಿ ಉಪನಯನವಾಯಿತು. ತಂದೆಯವರು ತುಳಸಿಕಟ್ಟೆಯ ಬಳಿ ಕೂರಿಸಿಕೊಂಡು ಕೇಶವಾದಿ ಇಪ್ಪತ್ನಾಲ್ಕು ನಾಮಗಳನ್ನು ಬೆರಳಿನ ಮೇಲೆ ಎಣಿಸಿ ಕಲಿಸಿದ್ದರು. ಮುಂಬಯಿಗೆ ಬಂದ ಮೇಲೆ ಸಂಧ್ಯಾವಂದನೆ ಮೊದಲು ಸಂಕ್ಷೇಪವಾಯಿತು, ಬಳಿಕ ಹಬ್ಬಹುಣ್ಣಿಮೆಗೆ ಸೀಮಿತವಾಯಿತು, ಕಡೆಗೆ ನಿಂತೇ ಹೋಯಿತು. ಯಾವ ದಿನ ನಿಂತಿತೆಂಬುದು ನನಗೆ ತಿಳಿಯದು. ಬಿಡಬೇಕೆಂದು ನಾನು ಎಂದೂ ನಿಶ್ಚಯಿಸಿದವನಲ್ಲ.

ತಂದೆಯವರು ಹರಿಪಾದ ಸೇರಿದಾಗ ನನಗೆ ನಲವತ್ತೆಂಟು ವರ್ಷ. ಅವರ ಕರ್ಮಕ್ಕೆ ಕುಳಿತು ಆಚಮನ ಮಾಡುವಾಗ ದಾಮೋದರ ನಾಮದ ಮುಂದೆ ನನ್ನ ನಾಲಿಗೆ ತಡವರಿಸಿತು. ಪುರೋಹಿತರು ಮೆಲ್ಲನೆ, “ರಾಯರೇ, ಗಾಬರಿ ಬೇಡ, ನಾನು ಹೇಳಿದಂತೆ ಹೇಳಿ” ಎಂದರು. ಹೇಳಿದೆ. ಆದರೆ ಆ ನಾಮಗಳನ್ನು ಕಲಿಸಿದವರಿಗಾಗಿಯೇ ಕುಳಿತಾಗ ಅವೇ ಮರೆತುಹೋದುವಲ್ಲ ಎಂಬ ನೋವು ಇಂದಿಗೂ ಆರಿಲ್ಲ.

ಊರಿನಿಂದ ಮರಳಿದೊಡನೆ ಭಾರಿ ಪ್ರತಿಜ್ಞೆಯನ್ನೇ ಕೈಗೊಂಡೆ. ನಸುಕಿನ ನಾಲ್ಕಕ್ಕೆ ಏಳುವುದು, ಸಾಂಗವಾಗಿ ಸಂಧ್ಯಾವಂದನೆ, ಗೀತೆಯ ಒಂದು ಅಧ್ಯಾಯದ ಪಾರಾಯಣ, ದ್ವಾದಶಸ್ತೋತ್ರ. ಹತ್ತು ದಿನ ನಡೆಯಿತು. ಹನ್ನೊಂದನೆಯ ದಿನ ಕಚೇರಿಯಲ್ಲಿ ತಡವಾಗಿ, ರಾತ್ರಿ ಕಡೆಯ ಗಾಡಿಯಲ್ಲಿ ಬಂದು ಮಲಗಿದವನಿಗೆ ಎಚ್ಚರವಾಗಲಿಲ್ಲ. ಒಂದು ದಿನ ತಪ್ಪಿದ್ದಕ್ಕೆ ವ್ರತವೇ ಕೆಟ್ಟಿತೆಂದು ಭಾವಿಸಿ ಎಲ್ಲವನ್ನೂ ಬಿಟ್ಟೆ.

ಇದನ್ನು ಕೇಳಿದ ನಮ್ಮ ಚಿಕ್ಕಪ್ಪನವರು, “ಹಸಿವಾಯಿತೆಂದು ಎರಡು ಕೈಯಲ್ಲಿ ಉಣ್ಣುತ್ತಾರೇನಪ್ಪಾ? ಸ್ನಾನ ಮಾಡಿದ ಕೂಡಲೇ ಆಚಮನ, ಅರ್ಘ್ಯ, ಹತ್ತು ಗಾಯತ್ರಿ. ಸದ್ಯಕ್ಕೆ ಇಷ್ಟು ಸಾಕು. ಇದನ್ನು ಮಾತ್ರ ಬಿಡಬೇಡ” ಎಂದರು. ಸ್ನಾನವನ್ನು ನಾನು ಎಂದೂ ಬಿಟ್ಟವನಲ್ಲ. ಅದರ ಬೆನ್ನಿಗೆ ಈ ಐದಾರು ನಿಮಿಷಗಳನ್ನು ಕಟ್ಟಿದ್ದೇ ಅವರ ಜಾಣ್ಮೆ. ಹತ್ತು ಇಪ್ಪತ್ತೆಂಟಾಯಿತು, ನಿವೃತ್ತಿಯ ಹೊತ್ತಿಗೆ ನೂರೆಂಟಾಯಿತು.

ಆಮೇಲೆ ಯೋಚಿಸಿದಾಗ, ನಮ್ಮ ಹಿರಿಯರು ಹಾಕಿಕೊಟ್ಟ ವ್ಯವಸ್ಥೆಯಲ್ಲಿಯೇ ಈ ಜಾಣ್ಮೆಯೆಲ್ಲ ಅಡಗಿರುವುದು ಕಂಡಿತು. ಈಗ ನಡೆಯುತ್ತಿರುವ ಚಾತುರ್ಮಾಸ್ಯವನ್ನೇ ನೋಡಿ. ಮೊದಲ ತಿಂಗಳು ಶಾಕವ್ರತ, ಎರಡನೆಯದು ದಧಿವ್ರತ, ಮೂರನೆಯದು ಕ್ಷೀರವ್ರತ, ನಾಲ್ಕನೆಯದು ದ್ವಿದಲವ್ರತ. ತರಕಾರಿ, ಮೊಸರು, ಹಾಲು, ಬೇಳೆಕಾಳು ನಾಲ್ಕನ್ನೂ ಒಂದೇ ದಿನ ಬಿಡಿರೆಂದು ಯಾರೂ ವಿಧಿಸಲಿಲ್ಲ. ತಿಂಗಳಿಗೊಂದು ನಿಯಮ, ಅದಕ್ಕೊಂದು ಆರಂಭ, ಅದಕ್ಕೊಂದು ಸಮರ್ಪಣೆ. ಏಕಾದಶಿಯೂ ಹಾಗೆಯೇ: ದಶಮಿಯ ಏಕಭುಕ್ತ ಉಪವಾಸಕ್ಕೆ ಸಿದ್ಧತೆ, ದ್ವಾದಶಿಯ ಪಾರಣೆ ಅದರ ಸಮಾಪ್ತಿ. ಮನೆಯಲ್ಲಿ ಪಂಚಾಂಗ ತೂಗುಹಾಕುವುದೂ ಯೋಜನೆಯೇ ಅಲ್ಲವೇ?

ಸಂಕಲ್ಪವೆಂದರೆ ಏನು? ಗೋದಾವರಿಯ ದಕ್ಷಿಣತೀರವೆಂದು ದೇಶವನ್ನು ಹೇಳುತ್ತೇವೆ. ಸಂವತ್ಸರ, ಅಯನ, ಋತು, ಮಾಸ, ಪಕ್ಷ, ತಿಥಿ, ವಾರಗಳೆಂದು ಕಾಲವನ್ನು ಹೇಳುತ್ತೇವೆ. ಕಡೆಗೆ ಮಾಡುವ ಕರ್ಮವನ್ನು ಹೇಳುತ್ತೇವೆ. “ಎಂದಾದರೊಂದು ದಿನ ಮಾಡುವೆ” ಎಂಬ ಸಂಕಲ್ಪ ಎಲ್ಲಿಯೂ ಇಲ್ಲ. ಎಲ್ಲಿ, ಯಾವಾಗ, ಏನು ಎಂಬುದನ್ನು ಮೊದಲೇ ಗೊತ್ತುಪಡಿಸಿಕೊಂಡರೆ ಕಾರ್ಯ ಕೈಗೂಡುವ ಸಂಭವ ಹೆಚ್ಚೆಂದು ೧೯೯೯ರಲ್ಲಿ ಪೀಟರ್ ಗೋಲ್‌ವಿಟ್ಜರ್ ಎಂಬ ಮನಶ್ಶಾಸ್ತ್ರಜ್ಞರು ಬರೆದರು. ಅದನ್ನು ಓದಿದಾಗ ನನಗೆ ಮೊದಲು ನೆನಪಾದದ್ದು ನಮ್ಮ ಸಂಕಲ್ಪವೇ.

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲಾಲಿ ಮತ್ತು ಸಂಗಡಿಗರು ೨೦೦೯ರಲ್ಲಿ ಪ್ರಕಟಿಸಿದ ಅಧ್ಯಯನವೂ ಇಲ್ಲಿ ಉಲ್ಲೇಖಾರ್ಹ. ೯೬ ಜನರು ತಮಗೆ ಬೇಕಾದ ಒಂದೊಂದು ಚಿಕ್ಕ ಅಭ್ಯಾಸವನ್ನು ೧೨ ವಾರ ಅನುಸರಿಸಿದರು. ಅದು ತಾನಾಗಿಯೇ ನಡೆಯುವಂತಾಗಲು ಸರಾಸರಿ ೬೬ ದಿನ ಬೇಕಾಯಿತು; ಆದರೆ ವ್ಯಕ್ತಿಗೂ ಅಭ್ಯಾಸಕ್ಕೂ ತಕ್ಕಂತೆ ಈ ಅವಧಿ ೧೮ ದಿನಗಳಿಂದ ೨೫೪ ದಿನಗಳವರೆಗೆ ಇರಬಹುದೆಂದು ಅವರು ಅಂದಾಜಿಸಿದರು. ನಡುವೆ ಒಂದು ದಿನ ತಪ್ಪಿದ್ದರಿಂದ ಹೇಳಿಕೊಳ್ಳುವಂಥ ಹಾನಿಯೇನೂ ಆಗಲಿಲ್ಲವಂತೆ.

ಹನ್ನೊಂದನೆಯ ದಿನ ಎಲ್ಲವನ್ನೂ ಕೈಬಿಟ್ಟ ನನಗೆ ಇದು ಅಂದೇ ತಿಳಿದಿರಬೇಕಿತ್ತು. ವಾಸ್ತವವಾಗಿ ತಿಳಿಯುವುದಕ್ಕೆ ಲಂಡನ್ನಿನವರೆಗೆ ಹೋಗಬೇಕಾಗಿಯೂ ಇರಲಿಲ್ಲ. ಸಂಧ್ಯಾಕಾಲ ಮೀರಿದರೆ ಪ್ರಾಯಶ್ಚಿತ್ತಾರ್ಘ್ಯವನ್ನು ಕೊಟ್ಟು ಕರ್ಮವನ್ನು ಮುಂದುವರಿಸುವ ವಿಧಿಯಿದೆ. ಕರ್ಮಾಂತ್ಯದಲ್ಲಿ ಲೋಪದೋಷಗಳ ಪರಿಹಾರಕ್ಕಾಗಿ ಅಚ್ಯುತ, ಅನಂತ, ಗೋವಿಂದ ಎಂಬ ನಾಮತ್ರಯಜಪವಿದೆ. ಮನುಷ್ಯನು ತಪ್ಪುವನೆಂಬುದು ಹಿರಿಯರಿಗೆ ಗೊತ್ತಿತ್ತು. ತಪ್ಪಿದವನು ದೂರ ಉಳಿಯಬಾರದು, ಅಂದೇ ಮರಳಬೇಕೆಂಬ ಕರುಣೆಯಿಂದ ಈ ದಾರಿಯನ್ನು ಇಟ್ಟರು. ಗೀತೆಯ ಆರನೆಯ ಅಧ್ಯಾಯದಲ್ಲಿ, ಮನಸ್ಸನ್ನು ನಿಗ್ರಹಿಸುವುದು ಗಾಳಿಯನ್ನು ಹಿಡಿದಂತೆ ದುಷ್ಕರವೆಂದು ಅರ್ಜುನನು ಹೇಳಿದಾಗ ಭಗವಂತನು ಅದನ್ನು ಅಲ್ಲಗಳೆಯಲಿಲ್ಲ. ಅಭ್ಯಾಸ, ವೈರಾಗ್ಯಗಳಿಂದ ಅದು ಸಾಧ್ಯವೆಂದು ಉಪದೇಶಿಸಿದನು.

ಇನ್ನು ನಮ್ಮ ಮನೆಗಳ ಲೆಕ್ಕಕ್ಕೆ ಬರೋಣ. ಗೀತೆಯಲ್ಲಿ ೭೦೦ ಶ್ಲೋಕಗಳು. ದಿನಕ್ಕೆ ಎರಡರಂತೆ ೩೫೦ ದಿನ. ಚಾಂದ್ರಮಾನ ವರ್ಷದಲ್ಲಿ ಸುಮಾರು ೩೫೪ ದಿನಗಳು. ಈ ಯುಗಾದಿಯಂದು ಆರಂಭಿಸಿದವರು ಮುಂದಿನ ಯುಗಾದಿಗೆ ಮಂಗಳ ಮಾಡಬಹುದು. ಮಾನ್ವಿಯ ಜಗನ್ನಾಥದಾಸರ ಹರಿಕಥಾಮೃತಸಾರದಲ್ಲಿ, ಶ್ರೀದವಿಠಲರ ಫಲಸ್ತುತಿಯನ್ನು ಬಿಟ್ಟರೆ, ೩೨ ಸಂಧಿಗಳು. ವಾರಕ್ಕೊಂದರಂತೆ ಎಂಟು ತಿಂಗಳೊಳಗೆ ಮುಗಿಯುತ್ತದೆ.

ಪುಣೆಯಲ್ಲಿರುವ ನನ್ನ ಮಗಳು ನೌಕರಿಯಿಂದ ಬಂದು ದೇವರ ದೀಪ ಹಚ್ಚಿದ ಕೂಡಲೇ ನಮಗೆ ಫೋನ್ ಮಾಡುತ್ತಾಳೆ. ಮೊಮ್ಮಗಳು ಹರಿಕಥಾಮೃತಸಾರದ ಒಂದೇ ಒಂದು ಪದ್ಯವನ್ನು ಓದುತ್ತಾಳೆ. ಆಕೆಯ ಶಾಲೆಯಲ್ಲಿ ಮರಾಠಿ, ಹಿಂದಿ, ಇಂಗ್ಲಿಷ್ ಉಂಟು, ಕನ್ನಡವಿಲ್ಲ. ಮೊದಲು ಅಕ್ಷರಕ್ಕೊಮ್ಮೆ ನಿಲ್ಲುತ್ತಿದ್ದವಳು ಒಂದೂವರೆ ವರ್ಷದಲ್ಲಿ ಸರಾಗವಾಗಿ ಓದುತ್ತಾಳೆ. ಪರೀಕ್ಷೆಯ ದಿನಗಳಲ್ಲಿ ತಪ್ಪಿದ್ದುಂಟು. “ಅಜ್ಜಾ, ನಿನ್ನೆ ಬಿಟ್ಟುಹೋಯ್ತು” ಎಂದರೆ, “ಇಂದಿನದು ಓದಮ್ಮ” ಎನ್ನುತ್ತೇನೆ. ನಿನ್ನೆಯದನ್ನೂ ಸೇರಿಸಿ ಎರಡು ಓದೆಂದು ಹೇಳುವುದಿಲ್ಲ. ಸಾಲದ ಹೊರೆ ಬೆಳೆದರೆ ಮಗು ಪುಸ್ತಕವನ್ನೇ ಮುಚ್ಚಿಟ್ಟೀತು.

ಕೊನೆಯದಾಗಿ ಒಂದು ಎಚ್ಚರಿಕೆ. ರೂಢಿ ಬಲಿತಂತೆ ಕೈ ತಾನಾಗಿ ಆಡುತ್ತದೆ, ಮನಸ್ಸು ರೈಲಿನ ವೇಳೆಯನ್ನು ಎಣಿಸುತ್ತಿರುತ್ತದೆ. ಇದು ನನ್ನ ಸ್ವಂತ ಅನುಭವ. ಅಭ್ಯಾಸವು ಪಾತ್ರೆ ಮಾತ್ರ. ಅನುಸಂಧಾನವೇ ಅದರೊಳಗಿನ ತೀರ್ಥ. ಆದರೂ ಪಾತ್ರೆಯೇ ಇಲ್ಲದಿದ್ದರೆ ತೀರ್ಥ ನಿಲ್ಲುವುದೆಲ್ಲಿ? ದಿನಕ್ಕೊಂದು ನಾಮವನ್ನಾದರೂ ಅರ್ಥ ನೆನೆದು ಹೇಳೋಣ. ಮತ್ತು ನಾವು ಅಸ್ವತಂತ್ರರು. ನಡೆದದ್ದು ಹರಿಯ ಪ್ರೇರಣೆಯಿಂದ ನಡೆದದ್ದೆಂದು ಒಪ್ಪಿಸಿದರೆ ಅಭ್ಯಾಸವು ಅಹಂಕಾರಕ್ಕೆ ತಿರುಗದು.

ಇಂದು ಮನೆಗೆ ಹೋದ ಮೇಲೆ ಒಂದೇ ಒಂದು ನಿಯಮವನ್ನು ಆರಿಸಿಕೊಳ್ಳಿ. ಎಷ್ಟು ಚಿಕ್ಕದೆಂದರೆ, ಆಯಾಸಗೊಂಡ ದಿನವೂ ಮಾಡಬಲ್ಲಷ್ಟು. ತಂದೆಯವರ ಶ್ರಾದ್ಧದಂದು ನಾನೀಗ ಇಪ್ಪತ್ನಾಲ್ಕು ನಾಮಗಳನ್ನೂ ಯಾರೂ ಹೇಳಿಕೊಡದೆ ಹೇಳುತ್ತೇನೆ. ದಾಮೋದರ ನಾಮ ಬಂದಾಗ ಒಂದು ಕ್ಷಣ ತುಳಸಿಕಟ್ಟೆ ಕಣ್ಣಮುಂದೆ ಬರುತ್ತದೆ. ಅನಂತರ ಸಂಕರ್ಷಣ ನಾಮವನ್ನು ಹೇಳಿ ಮುಂದೆ ಸಾಗುತ್ತೇನೆ.

ಶ್ರೀಕೃಷ್ಣಾರ್ಪಣಮಸ್ತು.