ಡಿಪ್ಲೊಮಾದಿಂದ ಡಿಗ್ರಿಗೆ: ಸೀಟು ಸಿಕ್ಕ ಮೇಲಿನ ಮಾತು

(ಶಾಲೆಯ ಸುವರ್ಣ ಮಹೋತ್ಸವದ ಶೈಕ್ಷಣಿಕ ಗೋಷ್ಠಿಯಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣದ ಬರಹ ರೂಪ)



ಶಾಲೆಯ ಐವತ್ತು ವರ್ಷದ ನೆನಪುಗಳನ್ನು ನನಗಿಂತ ಚೆನ್ನಾಗಿ ಹೇಳಬಲ್ಲವರು ಇಲ್ಲಿ ಬಹಳ ಜನ ಇದ್ದೀರಿ. ನಾನು ಇಂಜಿನಿಯರಿಂಗ್ ಕಾಲೇಜಿನಲ್ಲಿ ಗಣಿತ ಪಾಠ ಮಾಡುವವನು. ಹಾಗಾಗಿ ನನಗೆ ಕೊಟ್ಟಿರುವ ಸಮಯದಲ್ಲಿ ಒಂದೇ ವಿಷಯ ಹೇಳುತ್ತೇನೆ. ಎಸ್ಸೆಸ್ಸೆಲ್ಸಿ ಮುಗಿಸಿ ಪಾಲಿಟೆಕ್ನಿಕ್ ಸೇರಿ, ಅಲ್ಲಿಂದ ಇಂಜಿನಿಯರಿಂಗ್ ಪದವಿಗೆ ಹೋಗುವ ನಮ್ಮ ಮಕ್ಕಳ ವಿಷಯ.

ದಾರಿ ಹೀಗಿದೆ. ಹತ್ತನೆಯ ತರಗತಿ ಆದ ಮೇಲೆ ಮೂರು ವರ್ಷ ಡಿಪ್ಲೊಮಾ. ಎರಡು ವರ್ಷದ ಐಟಿಐ ಮುಗಿಸಿದವರಿಗೆ ಡಿಪ್ಲೊಮಾದ ಎರಡನೆಯ ವರ್ಷಕ್ಕೇ ಪ್ರವೇಶ ಉಂಟು. ಡಿಪ್ಲೊಮಾ ಆದವರು ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ ಡಿಸಿಇಟಿ ಬರೆದು ಬಿ.ಇ. ಎರಡನೆಯ ವರ್ಷಕ್ಕೆ, ಅಂದರೆ ಮೂರನೆಯ ಸೆಮಿಸ್ಟರಿಗೆ, ನೇರವಾಗಿ ಸೇರುತ್ತಾರೆ. ಇದಕ್ಕೆ ಲ್ಯಾಟರಲ್ ಎಂಟ್ರಿ ಎನ್ನುತ್ತಾರೆ. ಪಿಯುಸಿಗೆ ದೂರದ ಪೇಟೆಗೆ ಕಳಿಸಿ, ಟ್ಯೂಷನ್ ಕೊಡಿಸಲು ಆಗದ ಮನೆಗಳಿಗೆ ಇದು ದೊಡ್ಡ ಬಾಗಿಲು.

ಈ ಎರಡೂ ಬಾಗಿಲು ತೆರೆದದ್ದರಲ್ಲಿ ಒಬ್ಬರದೇ ಕೈ ಇದೆ. ದಿವಾನರಾಗಿದ್ದಾಗ ವಿಶ್ವೇಶ್ವರಯ್ಯನವರು 1917ರಲ್ಲಿ ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಕಾಲೇಜು ಶುರುಮಾಡಿಸಿದರು. 1943ರಲ್ಲಿ ಅವರ ಪ್ರಯತ್ನದಿಂದಲೇ ಕೈಕಸುಬು ಕಲಿಸುವ ಸಂಸ್ಥೆಯೊಂದು ಬಂತು. ಅದೇ ಇಂದಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್. 1998ರಲ್ಲಿ ಬೆಳಗಾವಿಯಲ್ಲಿ ಹುಟ್ಟಿದ ತಾಂತ್ರಿಕ ವಿಶ್ವವಿದ್ಯಾಲಯಕ್ಕೂ ಅವರದೇ ಹೆಸರು. ಬಾಗಿಲು ಎರಡೂ ಇವೆ. ನಡುವಿನ ದಾರಿಯಲ್ಲಿ ಮಾತ್ರ ಕಲ್ಲುಮುಳ್ಳು ಉಳಿದಿದೆ.

ಸೀಟು ಸಿಕ್ಕ ದಿನ ಊರಿನಲ್ಲಿ ಸಿಹಿ ಹಂಚುತ್ತೇವೆ. ಕಷ್ಟ ಶುರುವಾಗುವುದು ಆಮೇಲೆ. ಎಷ್ಟೋ ವರ್ಷ ಸೀಟು ಹಂಚಿಕೆ ಮುಗಿಯುವ ಹೊತ್ತಿಗೆ ತರಗತಿ ಆರಂಭವಾಗಿ ವಾರಗಳೇ ಕಳೆದಿರುತ್ತವೆ. ಪಿಯುಸಿಯಿಂದ ಬಂದವರು ಆಗಲೇ ಒಂದು ವರ್ಷ ಜೊತೆಗಿದ್ದು ಗೆಳೆತನ ಮಾಡಿಕೊಂಡಿರುತ್ತಾರೆ, ಹಿರಿಯರಿಂದ ನೋಟ್ಸ್ ಪಡೆದಿರುತ್ತಾರೆ, ಎರಡು ಸೆಮಿಸ್ಟರ್ ಗಣಿತ ಮುಗಿಸಿರುತ್ತಾರೆ. ನಮ್ಮ ಹುಡುಗ ಬ್ಯಾಗು ಹಿಡಿದು ಹಿಂದಿನ ಬೆಂಚಿನಲ್ಲಿ ಕೂರುತ್ತಾನೆ.

ಇದೇ ಹುಡುಗನನ್ನು ಲ್ಯಾಬಿನಲ್ಲಿ ನೋಡಬೇಕು. ಮೋಟಾರು ತಿರುಗದಿದ್ದರೆ ಉಳಿದವರು ಪುಸ್ತಕದ ಪುಟ ತಿರುವುತ್ತಾರೆ. ಇವನು ಸಡಿಲವಾದ ವೈರನ್ನು ಬಿಗಿಮಾಡಿ ಸ್ವಿಚ್ ಹಾಕುತ್ತಾನೆ. ಮುಂದಿನ ಗಂಟೆ ಗಣಿತದ್ದು. ಬೋರ್ಡಿನ ಮೇಲೆ ಕ್ಯಾಲ್ಕುಲಸ್ ಬರುತ್ತದೆ, ಅವನ ತಲೆ ಕೆಳಗಾಗುತ್ತದೆ. ಬುದ್ಧಿ ಒಂದು ಗಂಟೆಯಲ್ಲಿ ಎಲ್ಲಿಗೂ ಹೋಗಿರುವುದಿಲ್ಲ. ಪಿಯುಸಿಯ ಎರಡು ವರ್ಷ ಅವನಿಗೆ ಕೊಡಬೇಕಾಗಿದ್ದ ಗಣಿತ ಅವನ ಕೈಗೆ ಪೂರ್ತಿ ಬಂದಿಲ್ಲ, ಅಷ್ಟೆ.

ವಿಟಿಯು ಇದನ್ನು ಗಮನಿಸಿ ಲ್ಯಾಟರಲ್ ಎಂಟ್ರಿಯವರಿಗೆಂದೇ ಹೆಚ್ಚುವರಿ ಗಣಿತ ಇಟ್ಟಿತು. ಅದಕ್ಕೆ ಕ್ರೆಡಿಟ್ ಇಲ್ಲ, ಆದರೆ ಅದನ್ನು ಪಾಸು ಮಾಡದೆ ಪದವಿ ಇಲ್ಲ. ಕ್ರೆಡಿಟ್ ಇಲ್ಲವೆಂದು ಮಕ್ಕಳು ಅದನ್ನು ಹಿಂದಕ್ಕೆ ತಳ್ಳುತ್ತಾರೆ. ಬೇರೆಲ್ಲ ವಿಷಯ ಪಾಸಾಗಿ, ಇದೊಂದು ಉಳಿದು, ಡಿಗ್ರಿ ಕೈಗೆ ಬರದೆ ನಿಂತವರನ್ನು ನಾನು ಕಂಡಿದ್ದೇನೆ. ಮಕ್ಕಳೇ, ಇದನ್ನು ಇಂದೇ ಬರೆದಿಟ್ಟುಕೊಳ್ಳಿ: ಆ ಪೇಪರನ್ನು ಮೊದಲು ಮುಗಿಸಬೇಕು.

ಇವರಿಗೆ ಪಾಠವನ್ನು ಮೊದಲಿನಿಂದ ಹೇಳಬೇಕಾಗಿಲ್ಲ. ಅವರಿಗೆ ಗೊತ್ತಿರುವುದಕ್ಕೆ ಹೊಸದನ್ನು ಗಂಟು ಹಾಕಬೇಕು. ಸಿವಿಲ್ ಡಿಪ್ಲೊಮಾ ಮಾಡಿದ ಹುಡುಗಿಯನ್ನೇ ತೆಗೆದುಕೊಳ್ಳಿ. ತೊಲೆಯ ಮೇಲೆ ಭಾರ ಬಿದ್ದಾಗ ಶಿಯರ್ ಫೋರ್ಸ್, ಬೆಂಡಿಂಗ್ ಮೊಮೆಂಟ್ ಚಿತ್ರಗಳನ್ನು ಅವಳು ಸಲೀಸಾಗಿ ಬಿಡಿಸುತ್ತಾಳೆ. ಎರಡು ಬಿಂದುಗಳ ನಡುವೆ ಬೆಂಡಿಂಗ್ ಮೊಮೆಂಟ್ ಎಷ್ಟು ಬದಲಾಯಿತು ಎಂಬುದು ಅಲ್ಲಿಯ ಶಿಯರ್ ಫೋರ್ಸ್ ಚಿತ್ರದ ವಿಸ್ತೀರ್ಣದಿಂದ ಸಿಗುತ್ತದೆ. ಆ ವಿಸ್ತೀರ್ಣ ತೆಗೆಯುವ ಕೆಲಸಕ್ಕೇ ಗಣಿತದಲ್ಲಿ ಇಂಟಿಗ್ರೇಷನ್ ಎಂದು ಹೆಸರು. "ನೀನು ಎರಡು ವರ್ಷದಿಂದ ಇದನ್ನೇ ಮಾಡುತ್ತಿದ್ದೀಯಮ್ಮ" ಎಂದರೆ ಮುಖದ ಮೇಲಿನ ಭಯ ಅರ್ಧ ಇಳಿಯುತ್ತದೆ. ಇನ್ನರ್ಧ ಇಳಿಯಲು ದಿನವೂ ನಾಲ್ಕು ಲೆಕ್ಕ ಮಾಡಬೇಕು. ಅದಕ್ಕೆ ಬೇರೆ ಮಂತ್ರವಿಲ್ಲ.

ಈಗ ಮನೆಯ ಮಾತು. ಡಿಪ್ಲೊಮಾ ಮುಗಿದಾಗ ಮಗನಿಗೆ ಹದಿನೆಂಟೋ ಹತ್ತೊಂಬತ್ತೋ. ಕಾರ್ಖಾನೆಯಲ್ಲಿ ಕೆಲಸ ಸಿಗುತ್ತದೆ. ಮನೆಯಲ್ಲಿ ಸಾಲ ಇರುತ್ತದೆ, ಮದುವೆಗೆ ಬಂದ ಮಗಳು ಇರುತ್ತಾಳೆ. "ಮೂರು ವರ್ಷ ಓದಿಸಿದೆವು, ಇನ್ನೂ ಮೂರು ವರ್ಷವೇ?" ಎಂದು ತಂದೆ ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ಡಿಪ್ಲೊಮಾದವನ ದುಡಿಮೆಯೂ ಮರ್ಯಾದೆಯ ದುಡಿಮೆ. ಎಲ್ಲರೂ ಡಿಗ್ರಿ ಮಾಡಲೇಬೇಕೆಂದು ನಾನು ಹೇಳುವುದಿಲ್ಲ. ಓದುವ ಆಸೆ ಇದ್ದವರು ದುಡ್ಡಿನ ಭಯಕ್ಕೆ, ಇಲ್ಲವೇ ಒಂದು ಸೆಮಿಸ್ಟರಿನ ಸೋಲಿಗೆ ನಡುವೆ ಬಿಟ್ಟು ಬರಬಾರದು. ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. ಹುಡುಗ ಫೇಲಾದರೆ ಮತ್ತೆ ಪರೀಕ್ಷೆ ಕಟ್ಟುತ್ತಾನೆ. ಹುಡುಗಿ ಫೇಲಾದರೆ ಮನೆಯಲ್ಲಿ ಗಂಡು ಹುಡುಕಲು ಶುರುಮಾಡುತ್ತಾರೆ.

ಇದಕ್ಕೆ ನಾವೇನು ಮಾಡಬಹುದು? ನಾಲ್ಕು ಕೆಲಸ ಹೇಳುತ್ತೇನೆ. ನಾಲ್ಕೂ ನಮ್ಮ ಕೈಯಲ್ಲೇ ಇವೆ.

ಮೊದಲನೆಯದು ಶಾಲೆಯ ಕಚೇರಿಯದು. ಗ್ರಾಮೀಣ ಮೀಸಲಾತಿ, ಕನ್ನಡ ಮಾಧ್ಯಮದ ಮೀಸಲಾತಿ ಬೇಕಾದರೆ ಒಂದರಿಂದ ಹತ್ತನೆಯ ತರಗತಿವರೆಗಿನ ವ್ಯಾಸಂಗ ಪ್ರಮಾಣಪತ್ರ ಬೇಕು, ಅದಕ್ಕೆ ಬಿಇಒ ಮೇಲುರುಜು ಬೇಕು. ಎರಡು ಮೂರು ಶಾಲೆಯಲ್ಲಿ ಓದಿದವರು ಕೊನೆಯ ಗಳಿಗೆಯಲ್ಲಿ ಪಾಡುಪಡುತ್ತಾರೆ. ಡಿಪ್ಲೊಮಾ ಕೊನೆಯ ವರ್ಷದಲ್ಲಿರುವ ನಮ್ಮ ಮಕ್ಕಳ ಪಟ್ಟಿ ಮಾಡಿ, ಪರೀಕ್ಷೆಗೆ ಮೊದಲೇ ಈ ಕಾಗದಗಳನ್ನು ಸಿದ್ಧಮಾಡಿಸೋಣ.

ಎರಡನೆಯದು ಪಾಠ. ಡಿಪ್ಲೊಮಾ ಪರೀಕ್ಷೆ ಮುಗಿದು ಕಾಲೇಜು ಸೇರುವವರೆಗೆ ಬಿಡುವು ಸಿಗುತ್ತದೆ. ಆಗ ಇದೇ ಶಾಲೆಯ ಕೊಠಡಿಯಲ್ಲಿ ಆರು ಭಾನುವಾರ ತರಗತಿ ನಡೆಸೋಣ. ತ್ರಿಕೋನಮಿತಿ, ಮ್ಯಾಟ್ರಿಕ್ಸ್, ಡಿಫರೆನ್ಸಿಯೇಷನ್, ಇಂಟಿಗ್ರೇಷನ್, ಇಷ್ಟು ಸಾಕು. ಕನ್ನಡದಲ್ಲಿ ವಿವರಿಸಿ ಇಂಗ್ಲಿಷಿನಲ್ಲಿ ಬರೆಸೋಣ. ಮೊದಲ ವರ್ಷದ ಪಾಠ ನನ್ನ ಹೊಣೆ.

ಮೂರನೆಯದು ಜೊತೆಗಾರ. ಈ ದಾರಿಯಲ್ಲಿ ಹೋಗಿ ಬಂದ ಹಳೆಯ ವಿದ್ಯಾರ್ಥಿಗಳು ಇಲ್ಲಿಯೇ ಇದ್ದೀರಿ. ಹೊಸದಾಗಿ ಸೇರುವ ಒಬ್ಬೊಬ್ಬರಿಗೂ ಒಬ್ಬ ಅಣ್ಣನೋ ಅಕ್ಕನೋ ಬೇಕು. ಮೊದಲ ಎಂಟು ವಾರ, ವಾರಕ್ಕೊಂದು ಫೋನು ಮಾಡಿ. "ಮಾರ್ಕ್ಸ್ ಎಷ್ಟು?" ಎಂದು ಕೇಳಬೇಡಿ. "ಈ ವಾರ ಯಾವ ಪಾಠ ಅರ್ಥವಾಗಲಿಲ್ಲ?" ಎಂದು ಕೇಳಿ.

ನಾಲ್ಕನೆಯದು ಕೈಗಡ. ಸೀಟು ಹಂಚಿಕೆಯಾದ ಮೇಲೆ ಕೆಲವೇ ದಿನಗಳಲ್ಲಿ ಶುಲ್ಕ ಕಟ್ಟಬೇಕು. ವಿದ್ಯಾರ್ಥಿವೇತನ ಬರುವುದು ತಿಂಗಳುಗಳ ನಂತರ. ಆ ಅಂತರದಲ್ಲಿ ಮೀಟರ್ ಬಡ್ಡಿಗೆ ಸಾಲ ತಂದ ಮನೆಗಳಿವೆ. ಮಹೋತ್ಸವಕ್ಕೆಂದು ಕೂಡಿದ ಹಣದಲ್ಲಿ ಉಳಿದದ್ದನ್ನು ಬ್ಯಾಂಕಿನಲ್ಲಿಟ್ಟು, ಬಡ್ಡಿಯಿಲ್ಲದೆ ಕೊಟ್ಟು, ವಿದ್ಯಾರ್ಥಿವೇತನ ಬಂದಾಗ ಹಿಂದಕ್ಕೆ ಪಡೆಯೋಣ. ಒಂದೇ ಹಣ ವರ್ಷ ವರ್ಷವೂ ಬೇರೆ ಬೇರೆ ಮಕ್ಕಳಿಗೆ ಒದಗುತ್ತದೆ.

ಕಮಾನು, ಕೊಠಡಿ, ಧ್ವಜಕಟ್ಟೆ ಎಲ್ಲವೂ ಶಾಲೆಗೆ ಬೇಕು. ಅವುಗಳ ಜೊತೆಗೆ ಈ ಕೆಲಸವೂ ಸೇರಲಿ ಎಂದು ಹಳೆಯ ವಿದ್ಯಾರ್ಥಿ ಸಂಘವನ್ನು ಕೇಳಿಕೊಳ್ಳುತ್ತೇನೆ. ಜೊತೆಗಾರರಾಗಲು ಒಪ್ಪುವವರ ಹೆಸರು ಬರೆಯಲು ಕಚೇರಿಯ ಮುಂದಿನ ಮೇಜಿನ ಮೇಲೆ ಒಂದು ಪುಸ್ತಕ ಇಡಿಸಿದ್ದೇನೆ. ಊಟಕ್ಕೆ ಹೋಗುವಾಗ ದಯವಿಟ್ಟು ಹೆಸರು, ಓದಿದ ವಿಷಯ, ಫೋನ್ ನಂಬರ್ ಬರೆದು ಹೋಗಿ.