ಪಲ್ಲವಿ ಕಲಿಸುವ ವಿನ್ಯಾಸ

ವಿನ್ಯಾಸ ಕಲಿಯುವ ಮಕ್ಕಳನ್ನು ಒಮ್ಮೆ ವಿಜಯಪುರ ಸೀಮೆಯ ಕಾಖಂಡಕಿಗೆ ಕರೆತರಬೇಕು ಎಂದು ನನಗೆ ಬಹಳ ಅನಿಸುತ್ತದೆ. ಇದು 17ನೇ ಶತಮಾನದ ಮಹಿಪತಿದಾಸರ ಊರು. ವಿಜಯಪುರದ ಆದಿಲಶಾಹಿ ದರ್ಬಾರಿನ ಅಧಿಕಾರ ಬಿಟ್ಟು ಹಾಡಿನ ದಾರಿ ಹಿಡಿದವರು ಅವರು. ಕನ್ನಡದ ಜೊತೆಗೆ ಮರಾಠಿ, ಹಿಂದೂಸ್ತಾನಿಯಲ್ಲೂ ಪದ ಕಟ್ಟಿದರು. ಈ ಸೀಮೆಯ ಜನರ ಕಿವಿಗೆ ಆ ಭಾಷೆಗಳೆಲ್ಲವೂ ಪರಿಚಿತ. ದಾಸರ ಪದಗಳಲ್ಲಿ ಪ್ರತಿ ನುಡಿಯಾದ ಮೇಲೆ ಪಲ್ಲವಿ ಮರಳುತ್ತದೆ. ಓದು ಬಾರದವರೂ ಎರಡನೇ ಸಲಕ್ಕೆ ದನಿಗೂಡಿಸುತ್ತಾರೆ. ನೆನಪು ಹೇಗೆ ಕೆಲಸ ಮಾಡುತ್ತದೆಂದು ತಿಳಿದವರ ಕಟ್ಟಣೆ ಅದು!

ವಿನ್ಯಾಸ ಕಲಿಯುವವರಿಗೆ ಬೇಕಾದ ಪಾಠವೂ ಅದೇ. ಇಂದು ರೈತರಿಗೆಂದೇ ಮಾಡಿದ ಎಷ್ಟೋ ಮೊಬೈಲ್ ಆ್ಯಪ್‌ಗಳಲ್ಲಿ ಬಣ್ಣ ಚೆಂದ, ಅಕ್ಷರ ಚೆಂದ, ಭಾಷೆ ಮಾತ್ರ ಯಾರೂ ಆಡದ ಕನ್ನಡ. ಇದೇ ಸೀಮೆಯ ತಿಕೋಟಾದ ದ್ರಾಕ್ಷಿ ತೋಟದಲ್ಲಿ ನಿಂತವರಿಗೆ ಮುಂದೆ ಏನು ಒತ್ತಬೇಕೋ ತಿಳಿಯದು. ಇಂಥ ಆ್ಯಪ್‌ಗಳನ್ನು ರೂಪಿಸುವವರು ಕಂಪ್ಯೂಟರ್ ಮುಂದೆ ಕೂಡುವ ಮೊದಲು ಒಂದು ಸಂಜೆ ಭಜನೆಯಲ್ಲಿ ಕೂತು, ಜನ ಎಲ್ಲಿ ದನಿ ಸೇರಿಸುತ್ತಾರೆ, ಎಲ್ಲಿ ಸುಮ್ಮನಾಗುತ್ತಾರೆ ಎಂದು ಗಮನಿಸಲಿ.